ಮೆಕೆಂಜಿ ಎಂಬ ಹೆಸರಿನ ಮೂಲ ಮತ್ತು ಅದರೊಳಗೆ ಕಾಣೆಯಾದ ಒಂದು ಅಕ್ಷರ

ನೀವು ಕೇಳಿರುವುದು ಇಷ್ಟು: ಊರೂರಿನ ಸ್ಥಳೀಯ ಇತಿಹಾಸವನ್ನು ಹೇಳುವ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿಯಿಂದಾಗಿ ಕನ್ನಡಿಗರಿಗೆ ಪರಿಚಿತವಾಗಿರುವ ‘ಮೆಕೆಂಜಿ’ ಎಂಬ ಮನೆತನದ ಹೆಸರು ಎಲ್ಲಿಂದ ಬಂತು, ಅದು ಊರಿನ ಹೆಸರೋ ಕಸುಬಿನ ಹೆಸರೋ, ಆ ಹೆಸರಿನವರೆಲ್ಲ ಒಂದೇ ವಂಶದವರೋ. ಕೈಫಿಯತ್ತುಗಳನ್ನು ಓದುತ್ತ ಓದುತ್ತಲೇ ನಾನೂ ಈ ಪ್ರಶ್ನೆಯ ಬೆನ್ನು ಹತ್ತಿದವನು. ಹಾಗಾಗಿ ತಿಳಿದದ್ದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಅದು ಊರಿನ ಹೆಸರೂ ಅಲ್ಲ, ಕಸುಬಿನ ಹೆಸರೂ ಅಲ್ಲ. ತಂದೆಯ ಹೆಸರಿನಿಂದ ಹುಟ್ಟಿದ್ದು. ಸ್ಕಾಟ್ಲೆಂಡಿನ ಬೆಟ್ಟಸೀಮೆಯಾದ ಹೈಲ್ಯಾಂಡ್ಸ್‌ನವರ ಗೇಲಿಕ್ ಭಾಷೆಯಲ್ಲಿ ಇದರ ರೂಪವನ್ನು ಕನ್ನಡದಲ್ಲಿ ಸುಮಾರಾಗಿ ‘ಮಕ್ ಕೊಞಿಖ್’ ಎಂದು ಬರೆಯಬಹುದು. ಅದರ ಅರ್ಥ ‘ಕೊಞಖ್ ಎಂಬವನ ಮಗ’. ಕೊಞಖ್ ಎಂದರೆ ಚೆಲುವ, ಸ್ಫುರದ್ರೂಪಿ. ಇದೇ ಹೆಸರು ಇಂಗ್ಲಿಷಿನಲ್ಲಿ ಕೆನೆತ್ ಎಂದಾಯಿತು. ಐರ್ಲೆಂಡಿನ ಕಿಲ್ಕೆನಿ ಎಂಬ ಊರಿಗೆ ಆ ಹೆಸರು ಬಂದದ್ದೂ ಇದೇ ಹೆಸರಿನ, 6ನೇ ಶತಮಾನದ ಒಬ್ಬ ಸಂತನಿಂದ. ಆದರೆ 9ನೇ ಶತಮಾನದ ಅರಸ ಕೆನೆತ್ ಮಕಾಲ್ಪಿನ್‌ನನ್ನು ಮೆಕೆಂಜಿಗಳ ಮೂಲಪುರುಷನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಅರಸನ ಗೇಲಿಕ್ ಹೆಸರೇ ಬೇರೆ. ಎರಡು ಬೇರೆ ಬೇರೆ ಹೆಸರುಗಳು ಇಂಗ್ಲಿಷಿಗೆ ಬರುವಾಗ ಒಂದೇ ‘ಕೆನೆತ್’ ಆಗಿಬಿಟ್ಟಿವೆ, ಅಷ್ಟೆ. ಹಾಗೆಯೇ ಗೇಲಿಕ್ಕಿನ ‘ಮಕ್’ ಎಂಬುದಕ್ಕೂ ನಮ್ಮ ‘ಮಗ’ನಿಗೂ ಧ್ವನಿಯಲ್ಲೂ ಅರ್ಥದಲ್ಲೂ ಇರುವ ಹೋಲಿಕೆಯನ್ನು ಕಂಡು ಒಂದು ಕಾಲಕ್ಕೆ ನಾನೂ ಬೆರಗಾಗಿದ್ದೆ. ಅದು ಕೇವಲ ಕಾಕತಾಳೀಯ. ಐರ್ಲೆಂಡಿನ ಪ್ರಾಚೀನ ಶಿಲಾಲೇಖಗಳಲ್ಲಿ ಆ ಪದ ‘ಮಕ್ವಿ’ ಎಂಬ ರೂಪದಲ್ಲಿದ್ದು, ಅದರ ಬೇರುಗಳೆಲ್ಲ ಕೆಲ್ಟಿಕ್ ಭಾಷೆಗಳೊಳಗೇ ಇವೆ. ಹೆಣ್ಣುಮಕ್ಕಳಿಗೆ ಗೇಲಿಕ್‌ನಲ್ಲಿ ಇಂದಿಗೂ ‘ಮಕ್’ ಬಳಸುವುದಿಲ್ಲ, ‘ನಿಕ್’ ಎನ್ನುತ್ತಾರೆ. ಇಂಗ್ಲಿಷಿಗೆ ಬಂದಾಗ ಆ ವ್ಯತ್ಯಾಸ ಅಳಿಸಿಹೋಯಿತು.

ಕೊಞಖ್ ಎಂಬ ಹೆಸರಿನಲ್ಲಿ ಜಕಾರವೂ ಇಲ್ಲ, ಇಂಗ್ಲಿಷ್ ವರ್ಣಮಾಲೆಯ ಕೊನೆಯ ಅಕ್ಷರವಾದ ಜ಼ೆಡ್‌ನ ಧ್ವನಿಯೂ ಇಲ್ಲ. ಹಾಗಿದ್ದರೆ ಮೆಕೆಂಜಿಯೊಳಗೆ ಅದು ಬಂದು ಸೇರಿದ್ದು ಹೇಗೆ? ಈ ಹೆಸರಿನ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಇದೇ. ತಗ್ಗುಸೀಮೆಯ ಭಾಷೆಯಾದ ಸ್ಕಾಟ್ಸ್‌ನಲ್ಲಿ ಹಿಂದೆ ‘ಯೋಗ್’ ಎಂಬ ಒಂದು ಅಕ್ಷರವಿತ್ತು. 3 ಎಂಬ ಅಂಕೆಯನ್ನು ಬರೆದು ಅದರ ಬಾಲವನ್ನು ಗೆರೆಯಿಂದ ಕೆಳಕ್ಕೆ ಎಳೆದರೆ ಹೇಗೆ ಕಾಣುತ್ತದೆಯೋ ಹಾಗೆ ಅದರ ಆಕಾರ. ನಕಾರದ ಮುಂದೆ ಅದನ್ನು ಬರೆದರೆ ಯಕಾರದ ಧ್ವನಿ ಬಂದು ‘ನ್ಯ’ ಆಗುತ್ತಿತ್ತು. ಗೇಲಿಕ್ಕಿನ ಞಕಾರವನ್ನು ಹಿಡಿಯಲು ಲಿಪಿಕಾರರಿಗೆ ಅದು ತಕ್ಕ ಉಪಾಯವಾಗಿತ್ತು. ಹೀಗೆ ಬರೆದ ಹೆಸರನ್ನು ‘ಮೆಕೆನ್ಯಿ’ ಎಂದು ಓದುತ್ತಿದ್ದರು. ಆ ಕಾಲದ ಕೈಬರಹದಲ್ಲಿ ಜ಼ೆಡ್ ಅಕ್ಷರಕ್ಕೂ ಅದೇ ಬಾಲವಿತ್ತು, ನೋಡುವುದಕ್ಕೆ ಎರಡೂ ಒಂದೇ. 1508ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡಿನ ಮೊದಲ ಮುದ್ರಣಾಲಯ ಕೆಲಸ ಆರಂಭಿಸಿದ ಮೇಲೆ ತೊಡಕು ಎದುರಾಯಿತು: ಸಮುದ್ರದಾಚೆಯಿಂದ ಬಂದ ಅಚ್ಚುಮೊಳೆಗಳಲ್ಲಿ ಯೋಗ್ ಇರಲಿಲ್ಲ. ಅಚ್ಚಿನವರು ಅದರಂತೆಯೇ ಕಾಣುವ ಜ಼ೆಡ್ ಮೊಳೆಯನ್ನು ಜೋಡಿಸಿದರು. ಓದುವವರಿಗೆ ಸರಿಯಾದ ಉಚ್ಚಾರಣೆ ಗೊತ್ತಿದ್ದಷ್ಟು ಕಾಲ ಅದರಿಂದ ತೊಂದರೆಯಾಗಲಿಲ್ಲ. ಆದರೆ ಕಾಲ ಕಳೆದಂತೆ, ಮುಖ್ಯವಾಗಿ 18ನೇ ಶತಮಾನದಿಂದ ಈಚೆಗೆ, ಜನ ಕಣ್ಣಿಗೆ ಕಂಡದ್ದನ್ನೇ ಬಾಯಲ್ಲಿ ನುಡಿಯತೊಡಗಿದರು. ಮೆಕೆನ್ಯಿ ಹೋಗಿ ಮೆಕೆಂಜಿ ಉಳಿಯಿತು. ಇದೇ ಬಗೆಯಲ್ಲಿ ಬರೆಯುವ ಮೆಂಜೀಸ್ ಎಂಬ ಹೆಸರನ್ನು ಸ್ಕಾಟ್ಲೆಂಡಿನಲ್ಲಿ ಇಂದಿಗೂ ಅನೇಕರು ‘ಮಿಂಗಿಸ್’ ಎಂದೇ ಕರೆಯುತ್ತಾರೆ. ಆ ಭಾಗ್ಯ ಮೆಕೆಂಜಿಗೆ ಸಿಗಲಿಲ್ಲ.

ಇನ್ನು ವಂಶದ ಮಾತು. ಮೆಕೆಂಜಿಗಳ ಮೂಲ ನೆಲೆ ರಾಸ್ ಸೀಮೆಯ ಪಶ್ಚಿಮ ಕರಾವಳಿಯ ಕಿನ್‌ಟೇಲ್. ಅವರ ಕೋಟೆ ಐಲಿಯನ್ ಡೋನನ್. ನೆಲದೊಳಕ್ಕೆ ಚಾಚಿಕೊಂಡ ಕಡಲಿನ ಮೂರು ಕವಲುಗಳು ಕೂಡುವ ಕಡೆ, ಒಂದು ಪುಟ್ಟ ನಡುಗಡ್ಡೆಯ ಮೇಲೆ ಅದು ನಿಂತಿದೆ. 17ನೇ ಶತಮಾನದಲ್ಲಿ ಈ ಮನೆತನದವರೇ ಪ್ರಚಾರಕ್ಕೆ ತಂದ ಕಥೆಯ ಪ್ರಕಾರ, ಐರ್ಲೆಂಡಿನಿಂದ ಬಂದ ಕಾಲಿನ್ ಫಿಟ್ಜ್‌ಜೆರಾಲ್ಡ್ ಎಂಬ ವೀರನು 1263ರ ಲಾರ್ಗ್ಸ್ ಕದನದಲ್ಲಿ ಹೋರಾಡಿ, ಬೇಟೆಯಲ್ಲಿ ಅರಸನ ಮೇಲೆ ನುಗ್ಗಿದ ಸಾರಂಗವನ್ನು ಕೊಂದು, 1266ರಲ್ಲಿ ಕಿನ್‌ಟೇಲನ್ನು ಉಂಬಳಿಯಾಗಿ ಪಡೆದನು. ಮನೆತನದ ಲಾಂಛನದಲ್ಲಿ ಸಾರಂಗದ ತಲೆ ಇರುವುದಕ್ಕೆ ಈ ಕಥೆಯನ್ನೇ ಕಾರಣವಾಗಿ ಹೇಳುತ್ತಾರೆ. ಆದರೆ ಆ ದಾನಪತ್ರವನ್ನು ಇತಿಹಾಸಕಾರರು ನಂಬುವುದಿಲ್ಲ. 15ನೇ ಶತಮಾನದ ಒಂದು ಗೇಲಿಕ್ ವಂಶಾವಳಿಯು ಮೆಕೆಂಜಿಗಳನ್ನು ಅದೇ ನೆಲದ ಗಿಲ್ಯೋನ್ ಎಂಬವನ ಸಂತತಿಯೆಂದು ಹೇಳುತ್ತದೆ. ಹೆಸರಿನ ಅಪ್ಪಟ ಗೇಲಿಕ್ ರೂಪವನ್ನು ನೋಡಿದರೆ ನನಗೂ ಅದೇ ಸರಿ ಎನ್ನಿಸುತ್ತದೆ. ಬೇಟೆಗೆ ಹೋದಾಗ ಮೊಲವೇ ನಾಯಿಗಳನ್ನು ಅಟ್ಟಿಸಿಕೊಂಡು ಬಂತು, ಅದು ಗಂಡುಭೂಮಿಯೆಂದು ತಿಳಿದು ಅಲ್ಲಿಯೇ ಕೋಟೆ ಕಟ್ಟಿದರು ಎಂಬ ಕಥೆಯನ್ನು ನಮ್ಮ ಕಡೆ ಕೇಳುತ್ತ ಬೆಳೆದವರಿಗೆ ಆ ಸಾರಂಗದ ಕಥೆಯ ಜಾಡು ಹಿಡಿಯುವುದು ಕಷ್ಟವಲ್ಲ. ಆಳುವ ಮನೆತನಕ್ಕೆ ಹಳೆಯ, ಹೊರಗಿನ, ರಾಜಮಾನ್ಯವಾದ ಒಂದು ಮೂಲ ಬೇಕಾಗುತ್ತದೆ.

ದಾಖಲೆಗಳಲ್ಲಿ ಅವರು ದೃಢವಾಗಿ ಕಾಣಿಸಿಕೊಳ್ಳುವುದು 15ನೇ ಶತಮಾನದಲ್ಲಿ. ದ್ವೀಪಗಳ ಪ್ರಭುವಾಗಿದ್ದ ಮಕ್‌ಡೊನಾಲ್ಡನು 1475–76ರಲ್ಲಿ ರಾಸ್ ಸೀಮೆಯನ್ನು ಕಳೆದುಕೊಂಡ ಮೇಲೆ, ಅರಸನ ಪಕ್ಷ ಹಿಡಿದ ಮೆಕೆಂಜಿಗಳು ಪೂರ್ವ ಕರಾವಳಿಯ ಕಡೆಗೂ ಹಬ್ಬಿದರು. 17ನೇ ಶತಮಾನದ ಮೊದಲ ದಶಕಗಳಲ್ಲಿ ಲೂಯಿಸ್ ದ್ವೀಪವೂ ಅವರ ಕೈಸೇರಿತು, 1623ರಲ್ಲಿ ಅವರ ನಾಯಕನು ಸೀಫೋರ್ತ್‌ನ ಅರ್ಲ್ ಎಂಬ ಶ್ರೀಮಂತ ಪದವಿಯನ್ನು ಪಡೆದನು.

ಹೆಸರು ಹರಡಿದ್ದು ಕೂಡ ಮುಖ್ಯವಾಗಿ ಈ ಬೆಳವಣಿಗೆಯ ಕಾಲದಲ್ಲಿಯೇ, ಮತ್ತು ರಕ್ತಸಂಬಂಧದಿಂದ ಮಾತ್ರ ಅಲ್ಲ. ಬೆಟ್ಟಸೀಮೆಯ ಸಾಮಾನ್ಯ ಜನಕ್ಕೆ ಬಹಳ ಕಾಲ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಇಂಥವನ ಮಗ, ಇಂಥವನ ಮೊಮ್ಮಗ ಎಂದು ಎರಡು ಮೂರು ತಲೆಯನ್ನು ಹೇಳಿದರೆ ಊರಿನಲ್ಲಿ ಗುರುತು ಸಿಗುತ್ತಿತ್ತು. ನಾವು ತಂದೆಯ ಹೆಸರಿನ ಮೊದಲಕ್ಷರವನ್ನು ಇಟ್ಟುಕೊಂಡರೆ ಅದು ಮುಂದಿನ ತಲೆಗೆ ಬದಲಾಗುವಂತೆಯೇ ಅಲ್ಲಿಯೂ ಬದಲಾಗುತ್ತಿತ್ತು. ಗೇಣಿ ಪಟ್ಟಿ, ಚರ್ಚಿನ ದಾಖಲೆ, ಸೈನ್ಯದ ಪಟ್ಟಿಗಳಲ್ಲಿ ಖಾಯಂ ಹೆಸರು ಬೇಕಾದಾಗ, ಒಡೆಯನ ನೆಲ ಉಳುತ್ತಿದ್ದ, ಅವನ ಆಶ್ರಯದಲ್ಲಿದ್ದ ಎಷ್ಟೋ ಜನ ಒಡೆಯನ ಹೆಸರನ್ನೇ ತಮ್ಮದಾಗಿಸಿಕೊಂಡರು. ಆದ್ದರಿಂದ ಮೆಕೆಂಜಿಗಳೆಲ್ಲ ಒಬ್ಬ ಕೊಞಖ್‌ನ ಮಕ್ಕಳಲ್ಲ. ‘ಮಕ್’ ಎಂದು ಪೂರ್ತಿಯಾಗಿ ಬರೆದರೆ ಸ್ಕಾಟಿಷ್, ಸಂಕ್ಷೇಪಿಸಿ ಬರೆದರೆ ಐರಿಷ್ ಎಂಬ ಮಾತಿಗೂ ಆಧಾರವಿಲ್ಲ. ಒಬ್ಬನೇ ಮನುಷ್ಯನ ಹೆಸರನ್ನು ಗುಮಾಸ್ತರು ಎರಡು ರೀತಿಯಲ್ಲಿಯೂ ಬರೆದಿದ್ದಾರೆ.

ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ಅರಸರ ಪರವಾಗಿ 1715ರಲ್ಲಿ ದಂಗೆಯೆದ್ದ ಸೀಫೋರ್ತ್‌ನ ಅರ್ಲ್ ತನ್ನ ಪದವಿ, ಆಸ್ತಿ ಎರಡನ್ನೂ ಕಳೆದುಕೊಂಡನು. 1719ರಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಐಲಿಯನ್ ಡೋನನ್ ಕೋಟೆಯನ್ನು ಕೆಡವಿದವು. ಈಗ ಚಿತ್ರಗಳಲ್ಲಿ ಕಾಣುವುದು 20ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಮುಂದೆ ಅದೇ ಮನೆತನ ಸರ್ಕಾರಕ್ಕೆ ಸೈನ್ಯ ಕಟ್ಟಿಕೊಟ್ಟಿತು. 1778ರಲ್ಲಿ ಸೀಫೋರ್ತ್ ಕಟ್ಟಿದ ದಳ ಭಾರತಕ್ಕೆ ಬಂದು ಮೈಸೂರಿನ ಯುದ್ಧಗಳಲ್ಲಿ ಭಾಗವಹಿಸಿತು. ಕೆನಡಾದ ಮೆಕೆಂಜಿ ನದಿಗೆ ಹೆಸರು ಕೊಟ್ಟ ಅಲೆಕ್ಸಾಂಡರ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಸಣ್ಣ ಬಂದರಿನಲ್ಲಿ.

ಅದೇ ಸ್ಟೋರ್ನೊವೇಯಲ್ಲಿ ಹುಟ್ಟಿ, 1783ರಲ್ಲಿ ಮದರಾಸಿಗೆ ಬಂದಿಳಿದವನು ನಮ್ಮ ಕೈಫಿಯತ್ತುಗಳ ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೇ ಅವನಿಗೆ ಬಂತು. 1815ರಲ್ಲಿ ಅವನು ಭಾರತದ ಮೊದಲ ಸರ್ವೇಯರ್ ಜನರಲ್ ಆದನು. ಅವನಿಗೆ ಹಳಗನ್ನಡ ಬರುತ್ತಿರಲಿಲ್ಲ. ಶಾಸನಗಳನ್ನು ಓದಿ ಬಿಡಿಸಿ ಹೇಳುತ್ತಿದ್ದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಆ ಕಲ್ಲುಗಳ ಮೇಲೆ ಬರವಣಿಗೆಯಿಂದ ಶತಮಾನಗಳ ಹಿಂದೆಯೇ ಮರೆಯಾದ ೞ ಮತ್ತು ಱ ಇದ್ದವು. ‘ಏೞು’ ಎಂಬಲ್ಲಿ ಬಾಯಿ ‘ಏಳು’ ಎಂದು ನುಡಿಯಲು ಕಲಿತು, ಅಕ್ಷರವೇ ಬಿಟ್ಟುಹೋದ ಭಾಷೆ ನಮ್ಮದು. ಅಲ್ಲಿ ಅಚ್ಚುಮೊಳೆಯಿಲ್ಲದೆ ಅಕ್ಷರ ಹೋಯಿತು, ಅದರ ಹಿಂದೆಯೇ ಧ್ವನಿಯೂ ಹೋಯಿತು. ಇಲ್ಲಿ ಧ್ವನಿ ಮೊದಲು ಹೋಯಿತು, ಆಮೇಲೆ ಅಕ್ಷರ. ಕಾಣೆಯಾದ ಅಕ್ಷರವೊಂದನ್ನು ತನ್ನ ಹೆಸರಿನಲ್ಲೇ ಹೊತ್ತು ಬಂದವನ ಮುಂದೆ ಕುಳಿತು ಧರ್ಮಯ್ಯ ಆ ೞಕಾರವನ್ನು ಓದಿ ಹೇಳುತ್ತಿದ್ದನು.