ಪುನರ್ಪುಳಿ ಸಿರಪ್‌ಗೂ ಚಕ್ಕುಲಿಗೂ ಒಂದೇ ಪ್ರಿಸರ್ವೇಟಿವ್ ಸಾಕಾ? ಕೆಎಂಎಸ್, ಬೆಂಜೋಯೇಟ್, ಟಿಬಿಎಚ್‌ಕ್ಯೂ, ಇವುಗಳಲ್ಲಿ ಯಾವುದು ಒಳ್ಳೇದು?

ಕೊಪ್ಪದ ಕಡೆ ಮನೆಯಲ್ಲಿ ಮಾಡಿ ಚಿಕ್ಕಮಗಳೂರಿನ ಅಂಗಡಿಗಳಿಗೆ ಕೊಡೋರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ, ನಮಗೂ ಬಂದಿತ್ತು. ನಮಗೆ ದುಡ್ಡು ಕಳೆದಿದ್ದು ಕೆಎಂಎಸ್. ಸಿರಪ್ ಬೂಷ್ಟು ಹಿಡಿಯಲಿಲ್ಲ, ಹುಳಿತು ಉಕ್ಕಲಿಲ್ಲ, ಬಣ್ಣ ಹೋಯಿತು.

ಕಾರಣ ಇಷ್ಟೆ. ಕೆಎಂಎಸ್, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಹುಳಿಗೆ ಬಿದ್ದ ಕೂಡಲೇ ಸಲ್ಫರ್ ಡೈಆಕ್ಸೈಡ್ ಬಿಡುತ್ತೆ. ಯೀಸ್ಟ್, ಬೂಷ್ಟುಗಳನ್ನು ತಡೆಯೋದು ಅದೇ. ಆದರೆ ಪುನರ್ಪುಳಿಯ ಕೆಂಪು ಆಂಥೋಸಯಾನಿನ್ ಅನ್ನೋ ಸಹಜ ಬಣ್ಣದ್ದು. ಸಲ್ಫರ್ ಡೈಆಕ್ಸೈಡ್ ಅದಕ್ಕೆ ಕಚ್ಚಿಕೊಂಡರೆ ಬಣ್ಣ ಅಳಿಸಿದ ಹಾಗೆ. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಕಡುಗೆಂಪು ಹೋಗಿ ಪೇಲವ ಗುಲಾಬಿ, ಮುಚ್ಚಳ ತೆಗೆದರೆ ಬೆಂಕಿಕಡ್ಡಿ ಗೀರಿದ ಘಾಟು. ಕಮ್ಮಿ ಹಾಕಿ ಬಚಾವಾಗೋಣ ಅಂದುಕೊಳ್ಳಬೇಡಿ. ಬಣ್ಣ ಉಳಿಯುವಷ್ಟು ಕಮ್ಮಿ ಹಾಕಿದರೆ ಯೀಸ್ಟೂ ಉಳಿಯುತ್ತೆ. ಕೆಎಂಎಸ್ ಏನಿದ್ದರೂ ನಿಂಬೆ, ಕಿತ್ತಳೆ, ಮಾವಿಗೆ. ಅಲ್ಲೂ ಕುದಿಯೋ ಪಾಕಕ್ಕೆ ಸುರಿದರೆ ಅನಿಲ ಹಾರಿಹೋಗುತ್ತೆ, ತಣಿದ ಮೇಲೇ ಹಾಕಬೇಕು.

ಪುನರ್ಪುಳಿ, ನೇರಳೆ, ಕಪ್ಪು ದ್ರಾಕ್ಷಿಗೆ ಸೋಡಿಯಂ ಬೆಂಜೋಯೇಟ್. ಇದು ಪಿಎಚ್ (ಹುಳಿಯ ಅಳತೆ, ಕಮ್ಮಿಯಾದಷ್ಟೂ ಹುಳಿ ಜಾಸ್ತಿ) 4.5ಕ್ಕಿಂತ ಕೆಳಗೆ ಮಾತ್ರ ಕೆಲಸ ಮಾಡುತ್ತೆ. ಪುನರ್ಪುಳಿಯ ಹುಳಿಗೆ ಆ ಚಿಂತೆ ಇಲ್ಲ. ಸ್ಕ್ವಾಷ್, ಸಿರಪ್‌ಗೆ ಹಣ್ಣಿನ ಉತ್ಪನ್ನಗಳ ಹಳೇ ಕಾನೂನು ಎಫ್‌ಪಿಒ ಕಾಲದಿಂದ ಬಂದ ಮಿತಿ ಕೆಜಿಗೆ 600 ಮಿಲಿಗ್ರಾಂ ಬೆಂಜೋಯಿಕ್ ಆಮ್ಲ. ಸೋಡಿಯಂ ಬೆಂಜೋಯೇಟ್ ಲೆಕ್ಕದಲ್ಲಿ ಅದು ಸುಮಾರು 0.7 ಗ್ರಾಂ, 10 ಕೆಜಿ ಸಿರಪ್‌ಗೆ 7 ಗ್ರಾಂ. ಈಗಿನ ಮಿತಿಯನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪಟ್ಟಿಯಲ್ಲಿ ನಿಮ್ಮ ಪದಾರ್ಥದ ವರ್ಗಕ್ಕೆ ನೋಡಿಕೊಳ್ಳಿ. ಚಮಚದ ಅಳತೆ ಬೇಡ, ಗ್ರಾಂ ತಕ್ಕಡಿ ತನ್ನಿ. ಪುಡಿಯನ್ನು ನೇರ ಸಿರಪ್‌ಗೆ ಎರಚಿದರೆ ಹುಳಿಯಲ್ಲಿ ಬೆಂಜೋಯಿಕ್ ಆಮ್ಲ ಬಿಳಿ ಕಣವಾಗಿ ತಳಕ್ಕೆ ಕೂರುತ್ತೆ. ಸ್ವಲ್ಪ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಸಿರಪ್ ತಿರುವುತ್ತಾ ಸಣ್ಣ ಧಾರೆಯಾಗಿ ಹಾಕಿ. "ಆರೋಗ್ಯಕ್ಕೆ" ಅಂತ ಮೇಲಿಂದ ವಿಟಮಿನ್ ಸಿ ಸೇರಿಸಬೇಡಿ, ಬೆಂಜೋಯೇಟ್ ಜೊತೆ ಅದು ಸೇರಿದರೆ ಅತ್ಯಲ್ಪ ಪ್ರಮಾಣದಲ್ಲಾದರೂ ಬೆಂಜೀನ್ ಹುಟ್ಟಬಹುದು. ಲೇಬಲ್ ಮೇಲೆ ಸೋಡಿಯಂ ಬೆಂಜೋಯೇಟ್‌ನ ಸಂಖ್ಯೆ ಐಎನ್‌ಎಸ್ 211 ಇರಲಿ.

ಇನ್ನು ಚಕ್ಕುಲಿ. ಒಂದೇ ಪುಡಿ ಎರಡಕ್ಕೂ ಅನ್ನೋ ಪ್ರಶ್ನೆಯೇ ತಪ್ಪು. ಸಿರಪ್ ಕೆಡಿಸೋದು ಜೀವಿಗಳು, ಚಕ್ಕುಲಿ ಕೆಡಿಸೋದು ಗಾಳಿಯ ಆಮ್ಲಜನಕ. ಬೆಂಜೋಯೇಟ್ ಎಷ್ಟು ಹಾಕಿದರೂ ಎಣ್ಣೆಯ ಕಮಟು ನಿಲ್ಲಲ್ಲ. ಟಿಬಿಎಚ್‌ಕ್ಯೂ, ಬಿಎಚ್‌ಎ ಎಣ್ಣೆಯ ಕಮಟು ತಡೆಯೋ ಆಂಟಿಆಕ್ಸಿಡೆಂಟ್‌ಗಳು, ಸಿರಪ್‌ನ ಯೀಸ್ಟನ್ನು ತಡೆಯೋ ಸಾಮಾನಲ್ಲ. ಟಿಬಿಎಚ್‌ಕ್ಯೂ ಮಿತಿ ಕೆಜಿ ಎಣ್ಣೆಗೆ 200 ಮಿಲಿಗ್ರಾಂ. ನೀವು ಕೊಳ್ಳೋ ರಿಫೈಂಡ್ ಎಣ್ಣೆಯಲ್ಲಿ ಆಂಟಿಆಕ್ಸಿಡೆಂಟ್ ಮೊದಲೇ ಇರಬಹುದು, ಪ್ಯಾಕೆಟ್ ಹಿಂದೆ ಟಿಬಿಎಚ್‌ಕ್ಯೂ ಸಂಖ್ಯೆ 319 ಇದೆಯಾ ನೋಡಿ. ಮನೆಯಲ್ಲಿ ಕೂತು ಮತ್ತೆ ಸೇರಿಸೋದು ನನಗಂತೂ ಒಪ್ಪಿಗೆಯಿಲ್ಲ. ಕರಿದ ಎಣ್ಣೆಗೇ ಹೊಸದು ಸುರಿಯುತ್ತಾ ಹೋಗೋದನ್ನ ಮೊದಲು ಬಿಡಿ: ಹಳೇ ಎಣ್ಣೆಯ ಕಮಟು ಹೊಸದನ್ನೂ ಬೇಗ ಕೆಡಿಸುತ್ತೆ.

ಮೆತ್ತಗಾಗೋದು ಬೇರೆ ಸಮಸ್ಯೆ, ಅದು ತೇವದ್ದು. ಪೂರ್ತಿ ತಣಿಸಿ, ಮಳೆಗಾಲದಲ್ಲಿ ದಪ್ಪ ಲ್ಯಾಮಿನೇಟ್ ಕವರ್‌ಗೆ ಹಾಕಿ ಸೀಲ್ ಮಾಡಿ.