ಓದುಗರ ಪ್ರಶ್ನೆ: ಬೆಚ್ಚಿಬೀಳಿಸುವ ಶೀರ್ಷಿಕೆಯಿಂದ ಚಾನೆಲ್ ಬೆಳೆಯುತ್ತದೆಯೇ?

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ಕೊಳೆರೋಗ, ಎಲೆಚುಕ್ಕಿ ರೋಗ, ಧಾರಣೆ ಮೊದಲಾದ ವಿಷಯಗಳ ಬಗ್ಗೆ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೇನೆ. ಅಡಿಕೆ ಮತ್ತು ಆರೋಗ್ಯದ ಕುರಿತು ಈಗೊಂದು ವಿಡಿಯೊ ಸಿದ್ಧಪಡಿಸಿದ್ದೇನೆ. ಅದಕ್ಕೆ ‘ಅಡಿಕೆ ನಿಷೇಧ ಖಚಿತ! ಬೆಳೆಗಾರರ ಕಥೆ ಮುಗಿಯಿತು’ ಎಂಬ ಶೀರ್ಷಿಕೆ ಕೊಡುವಂತೆ ಸ್ನೇಹಿತರು ಒತ್ತಾಯಿಸುತ್ತಿದ್ದಾರೆ. ವಿಡಿಯೊದೊಳಗೆ ಸರಿಯಾದ ಮಾಹಿತಿಯೇ ಇರುವಾಗ, ಜನರನ್ನು ಸೆಳೆಯಲು ಶೀರ್ಷಿಕೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಮಾಡಿದರೆ ತಪ್ಪೇನು?
– ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ನೀವು ಸೂಚಿಸಿರುವುದು ಉತ್ಪ್ರೇಕ್ಷೆಯಲ್ಲ, ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿರುವುದು ನಿಜ, ಆ ಬಗ್ಗೆ ಬೆಳೆಗಾರರು ತಿಳಿಯಬೇಕಾದುದೂ ಬಹಳಷ್ಟಿದೆ. ಆದರೆ ಅಂತಹ ವರ್ಗೀಕರಣ ಒಂದು ದೇಶದ ನಿಷೇಧದ ಆದೇಶವಲ್ಲ.

ವಿಡಿಯೊದೊಳಗೆ ಸತ್ಯವಿದ್ದರೆ ಸಾಕು ಎಂಬ ಲೆಕ್ಕಾಚಾರದಲ್ಲಿ ಬಹು ದೊಡ್ಡ ಲೋಪವಿದೆ. ಯೂಟ್ಯೂಬ್ ಸ್ವತಃ ತಿಳಿಸಿರುವಂತೆ, ಅರ್ಧದಷ್ಟು ಚಾನೆಲ್‌ಗಳ ಮತ್ತು ವಿಡಿಯೊಗಳ ವಿಷಯದಲ್ಲಿ, ಪರದೆಯ ಮೇಲೆ ಥಂಬ್‌ನೇಲ್ (ಶೀರ್ಷಿಕೆಯ ಜೊತೆ ಕಾಣುವ, ವಿಡಿಯೊದ ಪುಟ್ಟ ಮುಖಚಿತ್ರ) ಕಾಣಿಸಿಕೊಂಡ ಪ್ರತಿ 100 ಸಲದಲ್ಲಿ ಅದು ಕ್ಲಿಕ್ ಆಗುವುದು 2ರಿಂದ 10 ಸಲ ಮಾತ್ರ. ಉಳಿದ 90ರಿಂದ 98 ಸಲ ನಿಮ್ಮ ವಿಡಿಯೊ ಎಂದರೆ ಆ ಶೀರ್ಷಿಕೆ ಮಾತ್ರ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿಕೆಯಾದಾಗಲೂ ಕಣ್ಣಿಗೆ ಬೀಳುವುದು ಥಂಬ್‌ನೇಲ್ ಮತ್ತು ಅದರ ಜೊತೆಗಿನ ಆ ಒಂದು ಸಾಲು. ಅದನ್ನಷ್ಟೇ ಓದಿದ ಸಣ್ಣ ಬೆಳೆಗಾರರೊಬ್ಬರು, ಧಾರಣೆ ಏರಲಿ ಎಂದು ಮನೆಯಲ್ಲಿ ಇಟ್ಟುಕೊಂಡಿದ್ದ ಕೆಂಪಡಿಕೆಯನ್ನು ಗಾಬರಿಯಿಂದ ಸಿಕ್ಕ ಬೆಲೆಗೆ ಕೊಟ್ಟುಬಿಟ್ಟರೆ, ನೀವು ಎಂಟನೆಯ ನಿಮಿಷದಲ್ಲಿ ಕೊಡುವ ಸ್ಪಷ್ಟೀಕರಣ ಅವರ ಯಾವ ಉಪಯೋಗಕ್ಕೂ ಬರುವುದಿಲ್ಲ. ಈ ಕಾರಣವೊಂದೇ ಆ ಶೀರ್ಷಿಕೆಯನ್ನು ಕೈಬಿಡಲು ಸಾಕೆಂದು ನಾನು ಭಾವಿಸುತ್ತೇನೆ.

ಇನ್ನು ಚಾನೆಲ್‌ನ ಲಾಭದ ಮಾತು. ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದೇ ಮುಖ್ಯವಾಗಿದ್ದ ಕಾಲ ಒಂದಿತ್ತು. ಆಗ ದಾರಿ ತಪ್ಪಿಸುವ ಚಿತ್ರ ಮತ್ತು ಶೀರ್ಷಿಕೆಗಳು ಧಾರಾಳವಾಗಿ ಗೆದ್ದವು. 2012ರಲ್ಲಿ ಯೂಟ್ಯೂಬ್ ತನ್ನ ಶಿಫಾರಸಿನ ವ್ಯವಸ್ಥೆಯಲ್ಲಿ ವೀಕ್ಷಣೆಗಳ ಸಂಖ್ಯೆಗಿಂತ ವೀಕ್ಷಣೆಯ ಅವಧಿಗೆ ಹೆಚ್ಚಿನ ತೂಕ ಕೊಡಲಾರಂಭಿಸಿತು. ಬಳಿಕ ವೀಕ್ಷಕರ ತೃಪ್ತಿಯನ್ನು ಸಮೀಕ್ಷೆಗಳ ಮೂಲಕ ಅರಿಯುವ ಕ್ರಮವೂ ಸೇರಿಕೊಂಡಿತು. ನಿಷೇಧದ ಸುದ್ದಿಗಾಗಿ ಬಂದವರು ಅದು ಇಲ್ಲವೆಂದು ತಿಳಿದ ಕ್ಷಣವೇ ಹೊರನಡೆಯುತ್ತಾರೆ. ಚಾನೆಲ್‌ನ ಅಂಕಿಅಂಶಗಳನ್ನು ತೋರಿಸುವ ನಿಮ್ಮ ಯೂಟ್ಯೂಬ್ ಸ್ಟುಡಿಯೊ ಪುಟದಲ್ಲಿ ವೀಕ್ಷಕರು ಎಷ್ಟು ಹೊತ್ತು ಉಳಿದರೆಂದು ತೋರಿಸುವ ರೇಖೆ ಮೊದಲ ಅರ್ಧ ನಿಮಿಷದಲ್ಲಿಯೇ ಕುಸಿಯುವುದು ಇಂತಹ ವಿಡಿಯೊಗಳಲ್ಲಿ. ಥಂಬ್‌ನೇಲ್‌ಗಳನ್ನು ಪರಸ್ಪರ ಹೋಲಿಸಿ ನೋಡಲು ಯೂಟ್ಯೂಬ್ ಒದಗಿಸಿರುವ ಸೌಲಭ್ಯ ಕೂಡ ಗೆದ್ದದ್ದು ಯಾವುದೆಂದು ತೀರ್ಮಾನಿಸುವುದು ಕ್ಲಿಕ್‌ಗಳಿಂದಲ್ಲ, ನೋಡಿದ ಅವಧಿಯಿಂದ.

ಡಿಸೆಂಬರ್ 2024ರಲ್ಲಿ ಯೂಟ್ಯೂಬ್ ಭಾರತಕ್ಕೆಂದೇ ಒಂದು ಪ್ರಕಟಣೆ ಹೊರಡಿಸಿತು. ವಿಶೇಷವಾಗಿ ತಾಜಾ ಸುದ್ದಿ ಹಾಗೂ ಪ್ರಚಲಿತ ವಿದ್ಯಮಾನಗಳ ವಿಷಯದಲ್ಲಿ, ವಿಡಿಯೊದಲ್ಲಿ ಇಲ್ಲದ್ದನ್ನು ಶೀರ್ಷಿಕೆಯಲ್ಲಿ ಅಥವಾ ಥಂಬ್‌ನೇಲ್‌ನಲ್ಲಿ ಹೇಳುವವರ ವಿರುದ್ಧ ಕ್ರಮವನ್ನು ಬಿಗಿಗೊಳಿಸುವುದಾಗಿಯೂ, ಆರಂಭದಲ್ಲಿ ಸ್ಟ್ರೈಕ್ (ನಿಯಮ ಮುರಿದ ಚಾನೆಲ್‌ನ ಮೇಲೆ ದಾಖಲಾಗುವ ದಂಡನೆ) ನೀಡದೆ ಅಂತಹ ವಿಡಿಯೊಗಳನ್ನು ತೆಗೆದುಹಾಕುವುದಾಗಿಯೂ ಅದರಲ್ಲಿ ತಿಳಿಸಲಾಗಿತ್ತು. ನಿಮ್ಮ ಸ್ನೇಹಿತರು ಸೂಚಿಸಿದ ಶೀರ್ಷಿಕೆ ನೇರವಾಗಿ ಈ ವ್ಯಾಪ್ತಿಗೆ ಬರುತ್ತದೆ. ವಿಡಿಯೊಗೆ ಜಾಹೀರಾತು ಸಿಗಬೇಕಾದರೆ ಪಾಲಿಸಬೇಕಾದ ಯೂಟ್ಯೂಬ್ ನಿಯಮಗಳು ಶೀರ್ಷಿಕೆಗೂ ಅನ್ವಯಿಸುತ್ತವೆ ಎಂಬುದನ್ನೂ ಗಮನಿಸಿ.

ಹಾಗೆಂದು ಶೀರ್ಷಿಕೆ ನೀರಸವಾಗಿರಬೇಕಿಲ್ಲ. ‘ಕೊಳೆರೋಗ ನಿರ್ವಹಣೆ, ಭಾಗ 3’ ಎಂದರೆ ಯಾರೂ ತೆರೆಯುವುದಿಲ್ಲ. ‘ಈ ಔಷಧ ಹೊಡೆದರೆ ಕೊಳೆರೋಗ ಶಾಶ್ವತವಾಗಿ ಮಾಯ’ ಎಂಬುದು ಅಪಾಯಕಾರಿ. ‘ಮಳೆ ಹಿಡಿಯುವ ಮೊದಲು ಬೋರ್ಡೋ ಏಕೆ? 100 ಲೀಟರ್ ನೀರಿಗೆ ಎಷ್ಟು ಮೈಲುತುತ್ತು, ಎಷ್ಟು ಸುಣ್ಣ?’ ಎಂದು ಕೇಳಿ, ಶೇ 1ರ ಬೋರ್ಡೋ ದ್ರಾವಣಕ್ಕೆ (ಕೊಳೆರೋಗ ತಡೆಯಲು ಸಿಂಪಡಿಸುವ, ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ) ತಲಾ ಒಂದು ಕಿಲೋ ಎಂಬ ಉತ್ತರವನ್ನು ವಿಡಿಯೊದ ಆರಂಭದಲ್ಲಿಯೇ ಕೊಟ್ಟು, ತಯಾರಿಸುವ ಕ್ರಮವನ್ನು ತೋರಿಸಿ. ಈ ಪ್ರಶ್ನೆಯೂ ಕುತೂಹಲ ಹುಟ್ಟಿಸುತ್ತದೆ, ಆದರೆ ಅದು ಬೆಳೆಗಾರರಿಗೆ ನಿಜವಾಗಿಯೂ ಇರುವ ಕುತೂಹಲ. ಈಗಿನ ವಿಡಿಯೊಗೆ ‘ಅಡಿಕೆಗೂ ಕ್ಯಾನ್ಸರ್‌ಗೂ ನಂಟಿದೆಯೇ? ವರದಿ ಹೇಳಿದ್ದೇನು?’ ಎಂಬ ಶೀರ್ಷಿಕೆ ಸಾಕು. ವಿಷಯವೇ ಗಂಭೀರವಾಗಿರುವಾಗ ಅದಕ್ಕೆ ಬೇರೆ ಆತಂಕ ಬೆರೆಸುವ ಅಗತ್ಯವಿಲ್ಲ.

ಪ್ರಶ್ನೆ: ಬದುಕಿರುವ ಹಿರಿಯ ಕಲಾವಿದರು ತೀರಿಕೊಂಡರು ಎಂಬ ಶೀರ್ಷಿಕೆಯ ವಿಡಿಯೊಗಳು ನಮ್ಮ ಕುಟುಂಬದ ಗುಂಪಿಗೆ ಪದೇ ಪದೇ ಬರುತ್ತವೆ. ಇದನ್ನು ತಡೆಯುವುದು ಹೇಗೆ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಜವೇ ಎಂದು ಪರೀಕ್ಷಿಸಲು ಆ ವಿಡಿಯೊವನ್ನು ತೆರೆಯಬೇಡಿ, ಸುದ್ದಿಯನ್ನು ಪತ್ರಿಕೆಗಳ ಜಾಲತಾಣದಲ್ಲಿ ಹುಡುಕಿ. ‘ಇದು ನಿಜವೇ?’ ಎಂದು ಕೇಳುವುದಕ್ಕಾಗಿ ಇನ್ನೊಂದು ಗುಂಪಿಗೆ ಕಳುಹಿಸಿದರೂ ಸುಳ್ಳೇ ಮುಂದೆ ಹೋಗುತ್ತದೆ, ಏಕೆಂದರೆ ಅಲ್ಲಿಯೂ ಜನರು ಓದುವುದು ಶೀರ್ಷಿಕೆಯನ್ನು. ಸುಳ್ಳೆಂದು ಖಚಿತವಾದ ಮೇಲೆ, ವಿಡಿಯೊದ ರಿಪೋರ್ಟ್ ಆಯ್ಕೆಯನ್ನು ಒತ್ತಿ, ಅದು ದಾರಿ ತಪ್ಪಿಸುವಂತಹದ್ದು ಎಂಬ ಕಾರಣ ನೀಡಿ ದೂರು ದಾಖಲಿಸಿ. ನಿಮ್ಮ ಮುಖಪುಟದಲ್ಲಿ ಅಂತಹ ಚಾನೆಲ್ ಕಾಣಿಸಿಕೊಂಡರೆ, ಮೂರು ಚುಕ್ಕೆಗಳ ಗುರುತನ್ನು ಒತ್ತಿ ಅದರ ಶಿಫಾರಸು ಬೇಡವೆಂದು ಸೂಚಿಸಬಹುದು. ಇದನ್ನು ಮನೆಯ ಹಿರಿಯರ ಫೋನಿನಲ್ಲಿ ನೀವೇ ಮಾಡಿಕೊಡಿ.