ಮಳೆಗಾಲದಲ್ಲಿ ಕೊಡಗಿನ ತೋಟದ ಮನೆಯಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮನ ಮನಸ್ಸು ಕುಗ್ಗದಂತೆ ಏನು ಮಾಡಬಹುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಮನೆಗಳೂ ದೂರ ದೂರ. 2018ರ ಭೂಕುಸಿತ ಕಂಡವರಿಗಂತೂ ರಾತ್ರಿ ಮಳೆಯ ಸದ್ದೇ ಸಾಕು, ನಿದ್ದೆ ಹಾರಿಹೋಗುತ್ತದೆ.

ಮುಸ್ಸಂಜೆ ದೀಪ ಹಚ್ಚಿದ ಮೇಲೆ, ದಿನವೂ ಅದೇ ಹೊತ್ತಿಗೆ ಫೋನ್ ಮಾಡಿ. ಹತ್ತು ನಿಮಿಷ ಸಾಕು. "ಊಟ ಆಯ್ತಾ" ಎಂದಷ್ಟೇ ಕೇಳಿದರೆ "ಹೂಂ" ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕಾಳುಮೆಣಸಿನ ಬಳ್ಳಿಗೆ ಏನು ಮಾಡಲಿ, ಒಕ್ಕದಲ್ಲಿ (ಕೊಡವರ ಮನೆತನದಲ್ಲಿ) ಯಾರಿಗೆ ಯಾರು ಏನಾಗಬೇಕು ಎಂದು ಸಲಹೆ ಕೇಳಿ. ಲೈನ್ ಸಿಗದ ದಿನ ಹೋಗಿ ನೋಡಿಬರಲು ಪಕ್ಕದ ತೋಟದವರೊಬ್ಬರಿಗೆ ಮೊದಲೇ ಹೇಳಿಡಿ.

ಆಗಸ್ಟ್ 3ರ ಮದ್ದುಸೊಪ್ಪಿನ ಪಾಯಸ, ಸೆಪ್ಟೆಂಬರ್ ಆರಂಭದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ: ಇವುಗಳಲ್ಲಿ ಒಂದಕ್ಕಾದರೂ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಕರೆದೊಯ್ಯಿರಿ. ಸುಮ್ಮನೆ ಕೂರಿಸಬೇಡಿ, ಗುರುಕಾರೋಣರಿಗೆ (ಒಕ್ಕದ ಹಿರಿಯರಿಗೆ) ಎಡೆ ಇಡುವಂಥ ಕೆಲಸ ಅವರ ಕೈಯಿಂದಲೇ ಆಗಲಿ. ಬೇಡವೆಂದರೂ ಬೆಂಗಳೂರಿನ ಫ್ಲ್ಯಾಟ್‌ಗೆ ಎಳೆದೊಯ್ಯುವುದು ಬಹಳ ಸಲ ತಿರುಗುಬಾಣವಾಗುತ್ತದೆ.

ಎರಡು ವಾರ ನಿದ್ದೆ, ಹಸಿವು ಕೆಟ್ಟಿದ್ದರೆ ಹರಕೆಯ ಜೊತೆಗೆ ವೈದ್ಯರೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.